ಶಾಲೆಯ ಬ್ಯಾಂಡಿಗೆ ಎಂಥ ಸ್ಯಾಕ್ಸೋಫೋನ್?

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆಯನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಮತ್ತೊಬ್ಬರ ಮೇಲೆ ಪ್ರಯೋಗಿಸಿದವರೇ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳ ಗತಿಯೇನು ಎಂಬುದನ್ನು ಗಾದೆ ಕಟ್ಟಿದವರು ಯೋಚಿಸಿದಂತೆ ತೋರುವುದಿಲ್ಲ. ಶಾಲೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಹಿಡಿದ ಎಷ್ಟೋ ಮಕ್ಕಳ ಪಾಡು ಇದೇ ಆಗಿದೆ. ಊದಿದರೆ ಸ್ವರ ಹೊರಡದು. ಹೊರಟರೂ ಪಕ್ಕದವನ ಸ್ವರದೊಡನೆ ಕೂಡದು. ಮಾಸ್ತರರು ಗದರಿಸುತ್ತಾರೆ, ಜತೆಯವರು ನಗುತ್ತಾರೆ, ಮಗು ತನಗೆ ಸಂಗೀತ ಒಲಿಯುವುದಿಲ್ಲವೆಂದು ತೀರ್ಮಾನಿಸಿ ವಾದ್ಯವನ್ನು ಪೆಟ್ಟಿಗೆಗೆ ಸೇರಿಸಿಬಿಡುತ್ತದೆ. ದೋಷ ವಾದ್ಯದ್ದು, ಅಪಖ್ಯಾತಿ ಮಗುವಿನದು.

ನಾನು ಸಂಗೀತಶಾಸ್ತ್ರವನ್ನು ಓದಿದವನಲ್ಲ; ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ಆದರೆ ಹೈಸ್ಕೂಲಿನ ಮೂರು ವರ್ಷವೂ ಶಾಲೆಯ ಬ್ಯಾಂಡಿನಲ್ಲಿ ಆಲ್ಟೋ ಸ್ಯಾಕ್ಸೋಫೋನ್ ಊದುತ್ತ ಊರ ಬೀದಿಯಲ್ಲಿ ಹೆಜ್ಜೆ ಹಾಕಿದವನು. ನನ್ನ ಸೋದರಮಾವ ದಕ್ಷಿಣ ಕನ್ನಡದ ದೇವಸ್ಥಾನಗಳಲ್ಲಿಯೂ ಮದುವೆಯ ಮನೆಗಳಲ್ಲಿಯೂ ಇದೇ ವಾದ್ಯವನ್ನು ನುಡಿಸುವವರು. ಈ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಬ್ಯಾಂಡಿಗೆ ಸ್ಯಾಕ್ಸೋಫೋನ್ ಕೊಡಿಸಲು ಹೊರಟಿದ್ದಾರೆ. ಕೂಡಿದ ಹಣಕ್ಕೆ ಥಳಥಳಿಸುವ ಅಗ್ಗದ ಹೊಸ ವಾದ್ಯಗಳಾದರೆ ನಾಲ್ಕು ಬರುತ್ತವೆ. ಒಳ್ಳೆಯ ತಯಾರಿಕೆಯವು, ಅದೂ ಬಳಸಿದವು, ಎರಡೇ ಬರುತ್ತವೆ. ನಾಲ್ಕೋ, ಎರಡೋ? ನನ್ನ ಅಭಿಪ್ರಾಯವನ್ನೂ ಕೇಳಿದ್ದಾರೆ. ಅವರಿಗೆ ಹೇಳಬೇಕಾದುದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ. ನಮ್ಮ ಕಾಲೇಜಿನಲ್ಲಿ ನಾಳೆ ಉಪಾಧ್ಯಾಯರಾಗಿ ಹೋಗತಕ್ಕವರು ಅನೇಕರಿದ್ದಾರೆ. ಅವರಲ್ಲಿ ಒಬ್ಬರ ಪಾಲಿಗಾದರೂ ಶಾಲೆಯ ಬ್ಯಾಂಡಿನ ಜವಾಬ್ದಾರಿ ಬಂದೀತು.

ವಾದ್ಯದ ಪರಿಚಯ

ಸ್ಯಾಕ್ಸೋಫೋನ್ ಹಿತ್ತಾಳೆಯದು. ಆದರೂ ಶಾಸ್ತ್ರಕಾರರು ಅದನ್ನು ತುತ್ತೂರಿಯ ಜಾತಿಗೆ ಸೇರಿಸದೆ ಕ್ಲ್ಯಾರಿನೆಟ್ಟಿನ ಜಾತಿಗೆ ಸೇರಿಸುತ್ತಾರೆ. ತುತ್ತೂರಿಯಲ್ಲಿ ನಾದ ಹುಟ್ಟುವುದು ತುಟಿಯ ಕಂಪನದಿಂದ. ಸ್ಯಾಕ್ಸೋಫೋನಿನಲ್ಲಿ ಬಾಯಿತುದಿಗೆ ಕಟ್ಟಿದ ಒಂದು ತೆಳುವಾದ ಪಟ್ಟಿಯ ಕಂಪನದಿಂದ. ಆ ಪಟ್ಟಿಗೆ ರೀಡೆಂದು ಹೆಸರು. ನಾಗಸ್ವರದ ಸೀವಾಳಿಯನ್ನು ಬಲ್ಲವರಿಗೆ ಇದು ಕೂಡಲೆ ತಿಳಿಯುತ್ತದೆ. ಅಲ್ಲಿ ಎರಡು ಪದರ, ಇಲ್ಲಿ ಒಂದು. ಕೊಳವೆ ಬಾಯಿಂದ ತುದಿಯವರೆಗೆ ಅಗಲವಾಗುತ್ತ ಹೋಗುವುದರಿಂದ ಮಂದ್ರದಲ್ಲಿ ಬೆರಳಿಟ್ಟ ಕ್ರಮವೇ, ಒಂದು ಕೀಲಿಯನ್ನು ಒತ್ತಿದೊಡನೆ, ಮೇಲಿನ ಸ್ಥಾಯಿಗೂ ಹೊಂದುತ್ತದೆ. ಕ್ಲ್ಯಾರಿನೆಟ್ಟಿನಲ್ಲಿ ಹಾಗಲ್ಲ, ಅಲ್ಲಿ ಮೇಲಿನ ಸ್ವರಗಳಿಗೆ ಬೇರೆಯ ಬೆರಳುಕ್ರಮವನ್ನೇ ಕಲಿಯಬೇಕು. ಮಕ್ಕಳಿಗೆ ಸ್ಯಾಕ್ಸೋಫೋನ್ ಬೇಗ ಕೈಗೆ ಹತ್ತುವುದಕ್ಕೆ ಇದೇ ಮುಖ್ಯ ಕಾರಣ.

ಇದನ್ನು ಕಂಡುಹಿಡಿದವನು ಅಡಾಲ್ಫ್ ಸ್ಯಾಕ್ಸ್. ಬೆಲ್ಜಿಯಮ್ಮಿನ ದಿನಾಂತ್ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿ, ಪ್ಯಾರಿಸ್ಸಿಗೆ ಹೋಗಿ ನೆಲಸಿ, 1846ರಲ್ಲಿ ಈ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ಅದಕ್ಕೆ ಹಿಂದಿನ ವರ್ಷ, 1845ರಲ್ಲಿ, ಪ್ಯಾರಿಸ್ಸಿನ ಬಯಲೊಂದರಲ್ಲಿ ಹಳೆಯ ಪದ್ಧತಿಯ ಸೈನಿಕ ಬ್ಯಾಂಡಿಗೂ ಸ್ಯಾಕ್ಸನ ವಾದ್ಯಗಳ ಬ್ಯಾಂಡಿಗೂ ಬಹಿರಂಗವಾಗಿ ಸ್ಪರ್ಧೆ ನಡೆಯಿತು. ನೆರೆದ ಜನ ಸ್ಯಾಕ್ಸನ ಪಕ್ಷವನ್ನೇ ಎತ್ತಿಹಿಡಿದರು. ಆ ಬಳಿಕ ಅವನ ವಾದ್ಯಗಳು ಫ್ರೆಂಚ್ ಸೈನ್ಯದ ಬ್ಯಾಂಡುಗಳಿಗೆ ಸೇರಿದವು. ಜಾಜ್ ಸಂಗೀತದಿಂದ ಹೆಸರಾಗುವುದಕ್ಕೆ ಎಷ್ಟೋ ಮೊದಲೇ ಈ ವಾದ್ಯ ಬಯಲಿನಲ್ಲಿ ಹೆಜ್ಜೆ ಹಾಕಲು ಕಲಿತಿತ್ತು. ಮರದ ವಾದ್ಯಗಳ ಚುರುಕು, ಹಿತ್ತಾಳೆಯ ಗಟ್ಟಿ ದನಿ ಎರಡೂ ಒಂದರಲ್ಲೇ ಬೇಕೆಂಬುದು ಬಯಲಿನ ಬ್ಯಾಂಡಿನ ಅಗತ್ಯ. ಅದನ್ನು ಈ ವಾದ್ಯ ಪೂರೈಸಿತು.

ನಮ್ಮ ನಾಡಿಗೂ ಇದು ಬ್ಯಾಂಡಿನ ಮೂಲಕವೇ ಪರಿಚಯವಾದದ್ದು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಇದರ ನಾದವನ್ನು ಕೇಳಿ ಮರುಳಾದ ಹುಡುಗನೊಬ್ಬ ಮುಂದೆ ಕರ್ನಾಟಕ ಸಂಗೀತವನ್ನೇ ಇದರಲ್ಲಿ ನುಡಿಸಿ ಲೋಕಪ್ರಸಿದ್ಧನಾದ ಕಥೆ ನಮಗೆಲ್ಲ ತಿಳಿದದ್ದೇ. ಅವರೇ ಕದ್ರಿ ಗೋಪಾಲನಾಥರು (1949–2019). ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ವಾದ್ಯವನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡು, 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮಿನೇಡ್ ಕಚೇರಿಯಲ್ಲಿಯೂ ನುಡಿಸಿದರು. ಇಂದು ಕರಾವಳಿಯಲ್ಲಿ ದೇವರ ಉತ್ಸವಕ್ಕೂ ಭೂತದ ನೇಮಕ್ಕೂ ಮದುವೆಯ ದಿಬ್ಬಣಕ್ಕೂ ಸ್ಯಾಕ್ಸೋಫೋನ್ ಬೇಕೇ ಬೇಕು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಇಷ್ಟೊಂದು ವಾದ್ಯಗಳು ನಮ್ಮ ಸುತ್ತ ಇರುವಾಗ, ದೇವಸ್ಥಾನದ ವಾದಕರಿಂದ ಹಳೆಯದೊಂದನ್ನು ಕೊಂಡು ಶಾಲೆಗೆ ಕೊಟ್ಟರಾಯಿತಲ್ಲ ಎಂದು ತೋರುವುದು ಸಹಜ. ಮಾವ ಇದನ್ನು ಒಪ್ಪುವುದಿಲ್ಲ. ಅವರ ಮಾತು ಇಷ್ಟೇ: "ನಾನು ನುಡಿಸುವಾಗ ಶ್ರುತಿಪೆಟ್ಟಿಗೆ ನನ್ನ ವಾದ್ಯಕ್ಕೆ ಹೊಂದಿಕೊಳ್ಳುತ್ತದೆ. ನೀವು ಬ್ಯಾಂಡಿನಲ್ಲಿ ನುಡಿಸುವಾಗ ನಿಮ್ಮ ವಾದ್ಯವೇ ಇಪ್ಪತ್ತು ಜನಕ್ಕೆ ಹೊಂದಿಕೊಳ್ಳಬೇಕು." ಒಬ್ಬನ ವಾದ್ಯಕ್ಕೂ ಸಾಲಿನ ವಾದ್ಯಕ್ಕೂ ಇರುವ ವ್ಯತ್ಯಾಸ ಈ ಎರಡು ವಾಕ್ಯಗಳಲ್ಲಿದೆ. ಮುಂದೆ ಹೇಳುವುದೆಲ್ಲ ಇದರ ವಿವರಣೆಯೇ.

ಅಮೆರಿಕದ ಹೈಸ್ಕೂಲುಗಳಲ್ಲಿ

ಹೈಸ್ಕೂಲಿನ ಬ್ಯಾಂಡು ಅತ್ಯಂತ ಹುಲುಸಾಗಿ ಬೆಳೆದಿರುವ ದೇಶ ಅಮೆರಿಕ. ಅಲ್ಲಿ ಫುಟ್‌ಬಾಲ್ ಪಂದ್ಯದ ನಡುವಿನ ವಿರಾಮದಲ್ಲಿ ಶಾಲೆಯ ಬ್ಯಾಂಡು ಮೈದಾನಕ್ಕಿಳಿದು, ನುಡಿಸುತ್ತಲೇ ಸಾಲುಗಳನ್ನೂ ವರ್ತುಲಗಳನ್ನೂ ರಚಿಸಿ ತೋರಿಸುವುದು ವಾಡಿಕೆ. ಸ್ಯಾಕ್ಸೋಫೋನಿನ ಸಾಲು ಅದರಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲ್ಲಿನ ಅನುಭವದಿಂದ ಮೂರು ವಿಷಯಗಳನ್ನು ನಾವು ಗಮನಿಸಬಹುದು.

ಒಂದು: ಬ್ಯಾರಿಟೋನಿನಂಥ ದೊಡ್ಡ, ದುಬಾರಿಯ ವಾದ್ಯವನ್ನು ಸಾಮಾನ್ಯವಾಗಿ ಶಾಲೆಯೇ ಇಟ್ಟುಕೊಂಡು ವಿದ್ಯಾರ್ಥಿಗೆ ಕೊಡುತ್ತದೆ, ಚಿಕ್ಕ ವಾದ್ಯವನ್ನು ಮನೆಯವರು ಕೊಳ್ಳುತ್ತಾರೆ, ಇಲ್ಲವೇ ಅಂಗಡಿಯಿಂದ ತಿಂಗಳ ಬಾಡಿಗೆಗೆ ತರುತ್ತಾರೆ. ಎರಡು: ಅನುಕೂಲವಿದ್ದವರು ಎರಡು ವಾದ್ಯ ಇಟ್ಟುಕೊಳ್ಳುತ್ತಾರೆ, ಒಳ್ಳೆಯದು ಸಭಾಂಗಣಕ್ಕೆ, ಗಟ್ಟಿಮುಟ್ಟಾದ ಹಳೆಯದು ಮೈದಾನಕ್ಕೆ. ಪ್ಯಾರಿಸ್ಸಿನ ಸೆಲ್ಮರ್ ಕಂಪನಿಯವರು 1954ರಲ್ಲಿ ಹೊರತಂದ ಆರನೆಯ ಮಾರ್ಕಿನ ಸ್ಯಾಕ್ಸೋಫೋನ್ ವಾದಕರೆಲ್ಲ ಆಸೆಪಡುವಂಥದು. ಅದನ್ನು ಹೊಂದಿದವನು ಮಳೆ ಬಿಸಿಲುಗಳಲ್ಲಿ ಮೆರವಣಿಗೆಗೆ ಒಯ್ಯುವುದಿಲ್ಲ. ಮೂರು: ವಿದ್ಯಾರ್ಥಿಗಳಿಗಾಗಿಯೇ ತಯಾರಾದ ವಾದ್ಯಗಳು ಅಲ್ಲಿ ಬೇರೆಯಾಗಿಯೇ ಇವೆ. ಯಮಾಹಾ ಕಂಪನಿಯ ಇಪ್ಪತ್ತಮೂರನೆಯ ನಂಬರಿನ ಆಲ್ಟೋ ಈಗ ತಯಾರಾಗದಿದ್ದರೂ ಅದರ ಹಳೆಯ ವಾದ್ಯಗಳು ಇಂದಿಗೂ ಶಾಲೆಯ ಮಕ್ಕಳ ಕೈಯಲ್ಲಿ ದುಡಿಯುತ್ತಿವೆ. ನಾಜೂಕಿಗಿಂತ ಬಾಳಿಕೆಯೇ ಅವುಗಳ ಗುಣ.

ಯಾವ ಗಾತ್ರ?

ಸ್ಯಾಕ್ಸೋಫೋನ್ ಎಂದರೆ ಒಂದೇ ವಾದ್ಯವಲ್ಲ, ಒಂದು ಕುಟುಂಬ. ಬ್ಯಾಂಡಿನವರಿಗೆ ಸಂಬಂಧಪಟ್ಟವು ನಾಲ್ಕು: ಸೊಪ್ರಾನೊ, ಆಲ್ಟೋ, ಟೆನರ್, ಬ್ಯಾರಿಟೋನ್. ನಾಲ್ಕಕ್ಕೂ ಬೆರಳುಕ್ರಮ ಒಂದೇ. ಒಂದನ್ನು ಕಲಿತವನು ಇನ್ನೊಂದಕ್ಕೆ ದಾಟುವುದು ಕಷ್ಟವಲ್ಲ. ಆದ್ದರಿಂದ ಮೊದಲು ಕೊಳ್ಳುವಾಗ ಮಗುವಿನ ಮೈಕಟ್ಟನ್ನೇ ಮುಖ್ಯವಾಗಿ ನೋಡಬೇಕು.

ಸೊಪ್ರಾನೊ ಹಗುರ, ನೋಡಲು ಚೆಂದ, ಹೆಚ್ಚಾಗಿ ನೇರವಾದ ಕೊಳವೆ. ಆದರೆ ಅದರ ಶ್ರುತಿಯನ್ನು ತುಟಿಯ ಹಿಡಿತದಿಂದಲೇ ಕಾಯಬೇಕು. ನಿಂತು ನುಡಿಸುವ ಪಳಗಿದವರಿಗೇ ಅದು ಕಷ್ಟ; ನಡೆಯುತ್ತ ನುಡಿಸುವ ಹುಡುಗನಿಗೆ ಅದು ಹೇಳಿದ್ದಲ್ಲ. ಬ್ಯಾರಿಟೋನಿನ ಗಂಭೀರ ನಾದ ಬ್ಯಾಂಡಿಗೆ ತಳಹದಿ ಹಾಕುತ್ತದೆ, ನಿಜ. ಆದರೆ ಅದರ ತೂಕ ಸುಮಾರು ಐದೂವರೆಯಿಂದ ಆರು ಕಿಲೋ. ಅದನ್ನು ಹೊರಲು ಹೆಗಲಿಗೂ ಬೆನ್ನಿಗೂ ಕಟ್ಟುವ ಪಟ್ಟಿಗಳು ಬೇಕು. ಹತ್ತನೆಯ ತರಗತಿಯ ಗಟ್ಟಿ ಆಳೂ ಬೇಕು.

ಉಳಿದವು ಆಲ್ಟೋ, ಟೆನರ್. ಆಲ್ಟೋ ಸುಮಾರು ಎರಡೂವರೆ ಕಿಲೋ. ಟೆನರ್ ಮೂರರಿಂದ ಮೂರೂವರೆ ಕಿಲೋ. ಒಂದು ಕಿಲೋ ಏನು ಮಹಾ ಎನ್ನಬಹುದು. ಒಂದು ಕಿಲೋ ಅಕ್ಕಿಯನ್ನು ಕತ್ತಿಗೆ ತೂಗಹಾಕಿಕೊಂಡು ಒಂದು ಗಂಟೆ ನಡೆದು ನೋಡಿದರೆ ಉತ್ತರ ಸಿಕ್ಕುತ್ತದೆ. ತೂಕಕ್ಕಿಂತಲೂ ಮುಖ್ಯ ಬೆರಳುಗಳ ಚಾಚು. ಎಡಗೈಯ ಕಿರುಬೆರಳು ಕೆಳಗಿನ ಸ್ವರಗಳ ಕೀಲಿಗಳನ್ನು ಮುಟ್ಟಬೇಕು. ಬಲಗೈಯ ಹೆಬ್ಬೆರಳು ವಾದ್ಯವನ್ನು ಹಿಂದಿನಿಂದ ತಡೆದಿಟ್ಟಿರಬೇಕು.

ನನ್ನ ಜತೆಗೆ ಬ್ಯಾಂಡಿಗೆ ಸೇರಿದ ಹುಡುಗಿಯೊಬ್ಬಳಿಗೆ ಉಳಿದಿದ್ದ ಒಂದೇ ವಾದ್ಯವೆಂದು ಟೆನರನ್ನು ಕೊಟ್ಟಿದ್ದರು. ಎಂಟನೆಯ ತರಗತಿಯ ಚಿಕ್ಕ ಮೈಯ ಹುಡುಗಿ. ಕೆಳಗಿನ ಸ್ವರಗಳಿಗೆ ಬೆರಳು ನಿಲುಕದೆ ಪ್ರತಿ ಸಲವೂ ವಾದ್ಯವನ್ನು ತೊಡೆಗೆ ಒತ್ತಿಕೊಂಡು ನುಡಿಸುತ್ತಿದ್ದಳು. ನಿಂತಾಗ ಅದು ಹೇಗೋ ಸಾಗಿತು; ನಡೆಯತೊಡಗಿದೊಡನೆ ಸ್ವರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅವಳಿಗೆ ತಾಳಜ್ಞಾನವಿಲ್ಲವೆಂದು ಎಲ್ಲರೂ ಅಂದುಕೊಂಡರು. ಬಿಟ್ಟುಬಿಡುತ್ತೇನೆಂದು ಅವಳೂ ಅಂದಳು. ಅಷ್ಟರಲ್ಲಿ ಮೇಲಿನ ತರಗತಿಯವನೊಬ್ಬ ಶಾಲೆ ಬಿಟ್ಟು ಆಲ್ಟೋ ಒಂದು ಖಾಲಿಯಾಯಿತು. ಅದು ಕೈಗೆ ಬಂದ ಎರಡು ತಿಂಗಳಿಗೆ ಅವಳು ಸಾಲಿನ ಮುಂದಾಳಾದಳು. ತಾಳಜ್ಞಾನ ಅವಳಲ್ಲಿ ಮೊದಲಿನಿಂದಲೂ ಇತ್ತು. ಒಂದು ಕಿಲೋ ಹಿತ್ತಾಳೆ ಅದನ್ನು ಮುಚ್ಚಿಟ್ಟಿತ್ತು.

ಆದ್ದರಿಂದ ಎಂಟು ಒಂಬತ್ತನೆಯ ತರಗತಿಯವರಿಗೆ ಆಲ್ಟೋ. ಮೈ ಬೆಳೆದ ಮೇಲೆ ಬೇಕಾದರೆ ಟೆನರ್. ಬ್ಯಾಂಡಿಗೆ ಎರಡೇ ವಾದ್ಯ ಕೊಳ್ಳುವ ಶಕ್ತಿಯಿದ್ದರೆ ಎರಡೂ ಆಲ್ಟೋ ಆಗಿರಲಿ. ಒಂದೇ ಬಗೆಯದಾದರೆ ಒಂದರ ರೀಡು ಇನ್ನೊಂದಕ್ಕೆ ಆಗುತ್ತದೆ, ಒಬ್ಬ ಬಾರದಿದ್ದರೆ ಇನ್ನೊಬ್ಬ ಅದೇ ಪಾಠವನ್ನು ನುಡಿಸಬಲ್ಲ.

ಶ್ರುತಿಯ ಮಾತು

ಆಲ್ಟೋ ಈ ಫ್ಲ್ಯಾಟ್ ವಾದ್ಯ. ಟೆನರ್ ಬಿ ಫ್ಲ್ಯಾಟ್ ವಾದ್ಯ. ಇದು ಹೊಸಬರನ್ನು ಗೊಂದಲಕ್ಕೆ ಕೆಡಹುವ ವಿಷಯ. ಆದರೆ ಯಕ್ಷಗಾನದ ಭಾಗವತರು ಕಪ್ಪು ಎರಡು, ಕಪ್ಪು ಐದು ಎಂದು ಶ್ರುತಿಯನ್ನು ಗುರುತಿಸುವುದನ್ನು ಕೇಳಿದವರಿಗೆ ಸುಲಭವಾಗಿ ಅರ್ಥವಾದೀತು. ಪಾಶ್ಚಾತ್ಯರು ಪುಸ್ತಕದಲ್ಲಿ 'ಸಿ' ಎಂದು ಬರೆದ ಸ್ವರವನ್ನು ಆಲ್ಟೋದಲ್ಲಿ ಊದಿದರೆ ಹಾರ್ಮೋನಿಯಮ್ಮಿನ ಕಪ್ಪು ಎರಡರ ಸ್ವರ ಕೇಳುತ್ತದೆ. ಟೆನರಿನಲ್ಲಿ ಊದಿದರೆ ಕಪ್ಪು ಐದರದು. ಆದ್ದರಿಂದ ಕೊಳಲಿಗೆ ಬರೆದ ಪಾಠವನ್ನು ಆಲ್ಟೋದವನು ಇದ್ದಂತೆಯೇ ನುಡಿಸಿದರೆ ಎರಡೂ ಬೇರೆ ಬೇರೆ ಶ್ರುತಿಯಲ್ಲಿ ಓಡುತ್ತವೆ. ಪ್ರತಿ ವಾದ್ಯಕ್ಕೂ ಪಾಠವನ್ನು ಬೇರೆಯಾಗಿ ಬರೆಯಬೇಕು. ವಾದ್ಯವನ್ನು ಆರಿಸುವ ಮೊದಲೇ ಬ್ಯಾಂಡಿನಲ್ಲಿ ಯಾವ ಯಾವ ಪಾಠಗಳಿವೆ, ಹೊಸದಾಗಿ ಬರೆದುಕೊಡುವವರು ಯಾರು ಎಂದು ಮಾಸ್ತರರನ್ನು ಕೇಳುವುದು ವಿವೇಕ.

ಹಳೆಯ ವಾದ್ಯವನ್ನು ಕೊಳ್ಳುವವರು ನೋಡಲೇಬೇಕಾದ ಇನ್ನೊಂದು ಸಂಗತಿಯಿದೆ. ಇಂದು ಬ್ಯಾಂಡುಗಳೆಲ್ಲ ಮಧ್ಯಸ್ಥಾಯಿಯ 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂಬ ಅಳತೆಯನ್ನು ಇಟ್ಟುಕೊಂಡಿವೆ. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಇದನ್ನು ಒಪ್ಪಿತು. ಅದಕ್ಕೆ ಹಿಂದೆ ಬ್ರಿಟಿಷ್ ಸೈನ್ಯದ ಬ್ಯಾಂಡುಗಳು ಬಹುಕಾಲ ಸುಮಾರು 452 ಕಂಪನಗಳ ಏರುಶ್ರುತಿಯಲ್ಲಿ ನುಡಿಸುತ್ತಿದ್ದವು. ಆ ಕಾಲದ ವಾದ್ಯಗಳ ಮೈಮೇಲೆ 'ಹೈ ಪಿಚ್' ಎಂದೋ ಅದರ ಮೊದಲಕ್ಷರಗಳೋ ಕೊರೆದಿರುವುದುಂಟು. ಅಂಥದನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ಬ್ಯಾಂಡಿಗೆ ಕೊಳ್ಳಬಾರದು. ಎರಡು ಅಳತೆಗಳ ನಡುವಣ ಅಂತರ ಹಾರ್ಮೋನಿಯಮ್ಮಿನ ಒಂದು ಮನೆಯ ಹೆಚ್ಚು ಕಡಿಮೆ ಅರ್ಧದಷ್ಟು. ರಂಧ್ರಗಳ ಸ್ಥಾನವೇ ಆ ಶ್ರುತಿಗೆ ತಕ್ಕಂತೆ ಇರುವುದರಿಂದ ಯಾವ ಉಪಾಯದಿಂದಲೂ ಅದು ಸರಿಹೋಗದು. ಒಬ್ಬನೇ ನುಡಿಸಿದರೆ ಇಂಪಾಗಿಯೇ ಇರುತ್ತದೆ. ಸಾಲಿನಲ್ಲಿ ನಿಂತೊಡನೆ ಕಿವಿಗೆ ಇರಿಯುತ್ತದೆ.

ಸಣ್ಣ ಪುಟ್ಟ ವ್ಯತ್ಯಾಸಗಳಿಗೆ ಉಪಾಯವಿದೆ. ವಾದ್ಯದ ಕುತ್ತಿಗೆಯ ಕೊಳವೆಗೆ ಬೆಂಡನ್ನು ಅಂಟಿಸಿರುತ್ತಾರೆ. ಅದರ ಮೇಲೆ ಮೌತ್‌ಪೀಸನ್ನು ಒಳಕ್ಕೆ ತಳ್ಳಿದರೆ ಶ್ರುತಿ ಏರುತ್ತದೆ, ಹೊರಕ್ಕೆ ಎಳೆದರೆ ಇಳಿಯುತ್ತದೆ. ಬಿಸಿಲಿನಲ್ಲಿ ಗಾಳಿ ಬಿಸಿಯಾದಂತೆ ಶ್ರುತಿ ತಾನಾಗಿ ಏರುವುದರಿಂದ ನೆರಳಿನಲ್ಲಿ ಸರಿಮಾಡಿಕೊಂಡ ಬ್ಯಾಂಡು ಮೈದಾನಕ್ಕೆ ಹೋದಮೇಲೆ ಇನ್ನೊಮ್ಮೆ ಸರಿಮಾಡಿಕೊಳ್ಳಬೇಕು. ಆದ್ದರಿಂದ ಆ ಬೆಂಡು ಹರಿಯದೆ ಗಟ್ಟಿಯಾಗಿದೆಯೇ ಎಂದು ನೋಡುವುದು ಸಣ್ಣ ವಿಷಯವಲ್ಲ.

ಹೊಸದೋ, ಹಳೆಯದೋ?

ಅಗ್ಗದ ಹೊಸ ವಾದ್ಯಗಳ ಹೊಳಪು ಕಣ್ಣು ಕೋರೈಸುತ್ತದೆ. ಕಪ್ಪು, ಕೆಂಪು, ನೀಲಿ ಬಣ್ಣದವೂ ಬರುತ್ತವೆ. ಬಣ್ಣದಿಂದ ನಾದಕ್ಕೆ ಯಾವ ಲಾಭವೂ ಇಲ್ಲ. ಅವುಗಳ ನಿಜವಾದ ತೊಂದರೆ ಕೀಲಿಗಳಲ್ಲಿದೆ. ಸ್ಯಾಕ್ಸೋಫೋನಿನ ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ರಂಧ್ರಗಳಿವೆ. ಪ್ರತಿಯೊಂದನ್ನೂ ಒಂದು ಬಟ್ಟಲು ಮುಚ್ಚುತ್ತದೆ. ಬಟ್ಟಲಿನೊಳಗೆ ಚರ್ಮದ ಪ್ಯಾಡು ಇರುತ್ತದೆ. ಒಂದು ಪ್ಯಾಡು ಕೂದಲೆಳೆಯಷ್ಟು ಎತ್ತಿ ನಿಂತರೂ ಗಾಳಿ ಸೋರಿ ಅದರ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ. ಹೆಸರಿಲ್ಲದ ಅಗ್ಗದ ವಾದ್ಯಗಳಲ್ಲಿ ಕೀಲಿಗಳ ಲೋಹವೇ ಮೆತು. ಪೆಟ್ಟಿಗೆಯಲ್ಲಿ ತುಸು ಕುಲುಕಿದರೆ ಬಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಿದರೆ ಮುಂದಿನ ತಿಂಗಳು ಮತ್ತೆ ಬಾಗುತ್ತದೆ. ಬಿಡಿಭಾಗಗಳು ಸಿಕ್ಕುವುದಿಲ್ಲವಾದ್ದರಿಂದ ರಿಪೇರಿಯವರು ಮುಟ್ಟಲು ಹಿಂಜರಿಯುತ್ತಾರೆ. ಕೊಂಡ ವರ್ಷ ಅಗ್ಗ, ಮರುವರ್ಷ ಗುಜರಿ.

ಹಾಗೆಂದು ದುಬಾರಿಯಾದದ್ದೇ ಬೇಕೆಂದು ನನ್ನ ವಾದವಲ್ಲ. ಯಮಾಹಾ, ಜ್ಯೂಪಿಟರ್ ಮುಂತಾದ ಹೆಸರಾಂತ ಕಂಪನಿಗಳ ವಿದ್ಯಾರ್ಥಿದರ್ಜೆಯ ವಾದ್ಯ, ಐದಾರು ವರ್ಷ ಬಳಸಿದ್ದಾದರೂ ಸರಿ, ಪ್ಯಾಡುಗಳನ್ನು ಹೊಸದಾಗಿ ಹಾಕಿಸಿಕೊಂಡರೆ ಇನ್ನೂ ಅನೇಕ ವರ್ಷ ದುಡಿಯುತ್ತದೆ. ಹಳೆಯದರ ಬೆಲೆ ಕೇಳುವಾಗ ಪ್ಯಾಡುಗಳ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಹೇಳುವುದು ಇಷ್ಟೇ: ವಾದ್ಯದ ಬೆಲೆಯನ್ನು ಅದು ದುಡಿಯುವ ವರ್ಷಗಳಿಂದ ಭಾಗಿಸಿ ನೋಡಬೇಕು.

ಅಂಗಡಿಯಲ್ಲಿ ಪರೀಕ್ಷೆ

ಕೊಳ್ಳುವ ದಿನ ವಾದ್ಯ ಬಲ್ಲವರೊಬ್ಬರನ್ನು ಜತೆಗೆ ಕರೆದೊಯ್ಯಬೇಕು. ಅವರ ಬಸ್ಸಿನ ಖರ್ಚು, ಊಟದ ಖರ್ಚು ಕೊಟ್ಟರೂ ಲಾಭವೇ. ನುಡಿಸತಕ್ಕ ಮಗುವೂ ಬರಲಿ; ಅಳತೆ ಕೊಡದೆ ಅಂಗಿ ಹೊಲಿಸುವುದುಂಟೆ?

ಮೊದಲು ಪೆಟ್ಟಿಗೆ ತೆರೆದು ಮೂಸಿ ನೋಡಬೇಕು. ಬೂಷ್ಟಿನ ವಾಸನೆ ಬಂದರೆ ಪ್ಯಾಡುಗಳಿಗೆ ತೇವ ತಗುಲಿದೆಯೆಂದು ತಿಳಿಯಬೇಕು. ಬಳಿಕ ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಬೇಕು. ಕೆಳಗೆ ಬಿದ್ದ ವಾದ್ಯದ ಮೈ ಸ್ವಲ್ಪವಾದರೂ ಬಾಗಿರುತ್ತದೆ. ಸಣ್ಣ ನಗ್ಗುಗಳಿಂದ ತೊಂದರೆಯಿಲ್ಲ. ಮೈ ಬಾಗಿದ್ದರೆ ಕೀಲಿಗಳ ಸರಳುಗಳು ಬಿಗಿಯುತ್ತವೆ. ಕುತ್ತಿಗೆಯನ್ನು ಸಿಕ್ಕಿಸಿ ತಿರುಪನ್ನು ಬಿಗಿಮಾಡಿದ ಮೇಲೆ ಅದು ಅಲುಗಬಾರದು. ಕೀಲಿಗಳನ್ನು ಒಂದೊಂದಾಗಿ ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಸವೆತ ಗೊತ್ತಾಗುತ್ತದೆ.

ಕತ್ತಲೆಯ ಮೂಲೆಗೆ ಹೋಗಿ ಒಂದು ಸಣ್ಣ ದೀಪವನ್ನು ತಂತಿಯಿಂದ ವಾದ್ಯದೊಳಕ್ಕೆ ಇಳಿಬಿಟ್ಟು ಕೀಲಿಗಳನ್ನು ಮೆಲ್ಲಗೆ ಒತ್ತಿದರೆ ಸೋರುವ ಕಡೆ ಬೆಳಕಿನ ಗೆರೆ ಕಾಣುತ್ತದೆ. ಒತ್ತಾಯದಿಂದ ಒತ್ತಿ ಮುಚ್ಚಿದ್ದು ಲೆಕ್ಕಕ್ಕಿಲ್ಲ. ಮಗುವಿನ ಬೆರಳಿಗೆ ಅಷ್ಟು ಬಲವಿರುವುದಿಲ್ಲ.

ಕೊನೆಗೆ ನುಡಿಸುವ ಪರೀಕ್ಷೆ. ಜೋರಾಗಿ ಊದಿದರೆ ಎಂಥ ವಾದ್ಯವೂ ಮೊಳಗುತ್ತದೆ. ಆದ್ದರಿಂದ ಅತ್ಯಂತ ಕೆಳಗಿನ ಸ್ವರವನ್ನು ಮೆಲ್ಲಗೆ ಹೊರಡಿಸಲು ಹೇಳಬೇಕು. ತಡವರಿಸದೆ ಬಂದರೆ ಪ್ಯಾಡುಗಳು ಸರಿಯಾಗಿವೆ. ಮಧ್ಯಸ್ಥಾಯಿಯ ಒಂದು ಸ್ವರ, ಅದರ ಮೇಲಿನ ಸ್ಥಾಯಿಯ ಅದೇ ಸ್ವರ, ಹೀಗೆ ಜೋಡಿ ಜೋಡಿಯಾಗಿ ನುಡಿಸಿ ಮೊಬೈಲಿನ ಶ್ರುತಿಮಾಪಕದಲ್ಲಿ ನೋಡಬೇಕು. ಮುಳ್ಳು ತುಸು ಅತ್ತಿತ್ತ ಆದರೆ ತುಟಿಯಿಂದ ತಿದ್ದಬಹುದು. ತೀರ ಓಡಾಡಿದರೆ ನಮಸ್ಕಾರ ಹೇಳಿ ಹೊರಡುವುದು ಲೇಸು. ಈ ಪರೀಕ್ಷೆಗಳಿಗೆಲ್ಲ ಅರ್ಧ ಗಂಟೆ ಸಾಕು. ಅಷ್ಟು ಹೊತ್ತು ಕೊಡಲೊಪ್ಪದ ಮಾರಾಟಗಾರನ ವಾದ್ಯ ನಮಗೆ ಬೇಡ.

ಮೌತ್‌ಪೀಸು, ರೀಡು, ಪಟ್ಟಿ

ಮೌತ್‌ಪೀಸು ಲೋಹದ್ದಾದರೆ ನೋಡಲು ಠೀವಿ. ಆದರೆ ಕಲಿಯುವವರಿಗೆ ಎಬೊನೈಟಿನದೋ ಪ್ಲಾಸ್ಟಿಕ್ಕಿನದೋ ತಕ್ಕದ್ದು. ಯಮಾಹಾದವರ 'ನಾಲ್ಕು ಸಿ' ಎಂಬುದು ಬೆಲೆಯಲ್ಲಿ ಹಗುರ, ಸ್ವರ ಹೊರಡಿಸಲು ಸುಲಭ. ನಡೆಯುವಾಗ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆಯೇ ನಿಂತಿರುವುದರಿಂದ ಹೆಜ್ಜೆಯ ಕುಲುಕು ನೇರವಾಗಿ ಹಲ್ಲಿಗೆ ತಟ್ಟುತ್ತದೆ. ಹಿಮ್ಮಡಿಯನ್ನು ಮೊದಲು ಊರಿ ಪಾದವನ್ನು ಉರುಳಿಸಿದಂತೆ ನಡೆದರೆ ಮೈಯ ಮೇಲುಭಾಗ ಅಲುಗುವುದಿಲ್ಲ. ಕಾಲು ಅಪ್ಪಳಿಸುವ ಸೈನಿಕ ನಡಿಗೆ ಡೋಲಿನವರಿಗೆ ಇರಲಿ.

ರೀಡು ಒಂದು ಜಾತಿಯ ದಂಟಿನಿಂದ ಆಗುತ್ತದೆ. ಗಡಸುತನಕ್ಕೆ ನಂಬರುಗಳಿವೆ, ಹೊಸಬರಿಗೆ ಎರಡು ಅಥವಾ ಎರಡೂವರೆ ಸಾಕು. ದಂಟಿನ ರೀಡು ಒದ್ದೆಯಾಗಿದ್ದಾಗ ಮಾತ್ರ ನುಡಿಯುತ್ತದೆ. ಇಲ್ಲಿಯೇ ನಮ್ಮ ದೇಶದ ಬ್ಯಾಂಡುಗಳಿಗೆ ಒಂದು ವಿಶೇಷ ಸಂಕಟವಿದೆ. ಧ್ವಜವಂದನೆಗೆ ಮೊದಲು ಒದ್ದೆಮಾಡಿಕೊಂಡ ರೀಡು ಅಧ್ಯಕ್ಷರ ಭಾಷಣ ಮುಗಿಯುವಷ್ಟರಲ್ಲಿ ಒಣಗಿ ಸೆಟೆದಿರುತ್ತದೆ. ಮುಖ್ಯ ಅತಿಥಿಗಳೂ ಮಾತನಾಡಿದರೆ ಹೇಳುವುದೇ ಬೇಡ. ಈಚೆಗೆ ಕೃತಕ ವಸ್ತುವಿನ ರೀಡುಗಳು ಬಂದಿವೆ; ಅವು ಒಣಗಲಿ ನೆನೆಯಲಿ ಒಂದೇ ಸಮನಾಗಿ ನುಡಿಯುತ್ತವೆ. ಒಂದರ ಬೆಲೆಗೆ ದಂಟಿನವು ಹಲವು ಬರುತ್ತವೆ, ನಿಜ. ಆದರೆ ಬಾಳಿಕೆ ಹೆಚ್ಚು. ಬಯಲಿನ ಬ್ಯಾಂಡಿಗೆ ಅವೇ ಯೋಗ್ಯ. ದಂಟಿನ ರೀಡನ್ನೇ ಬಳಸುವವರು ಜೇಬಿನಲ್ಲಿ ಒಂದೆರಡನ್ನು ಹೆಚ್ಚಾಗಿ ಇಟ್ಟುಕೊಂಡಿರಬೇಕು.

ವಾದ್ಯದೊಡನೆ ಪುಕ್ಕಟೆಯಾಗಿ ಬರುವ ತೆಳ್ಳನೆಯ ಕೊರಳಪಟ್ಟಿಯನ್ನು ಬದಿಗಿಟ್ಟು ಎರಡು ಹೆಗಲಿಗೂ ಭಾರ ಹಂಚುವ ಪಟ್ಟಿಯನ್ನು ಕೊಳ್ಳಬೇಕು. ಅದರ ಕೊಕ್ಕೆ ತಾನಾಗಿ ಮುಚ್ಚಿಕೊಳ್ಳುವಂಥದಾಗಿರಲಿ. ಬಾಯಿ ತೆರೆದ ಕೊಕ್ಕೆಯಿಂದ ವಾದ್ಯ ಹೆಜ್ಜೆಯ ನಡುವೆ ಜಾರಿ ಬೀಳಬಹುದು. ಪಾಠದ ಚೀಟಿಯನ್ನು ವಾದ್ಯಕ್ಕೇ ಸಿಕ್ಕಿಸಿಕೊಳ್ಳಲು ಲೈರ್ ಎಂಬ ಸಣ್ಣ ಹಿಡಿಕೆ ದೊರೆಯುತ್ತದೆ.

ಮಳೆ ಮತ್ತು ಆರೈಕೆ

ನಮ್ಮ ಸ್ವಾತಂತ್ರ್ಯ ದಿನ ಮಳೆಗಾಲದಲ್ಲಿ ಬರುತ್ತದೆ. ಕರಾವಳಿ, ಮಲೆನಾಡುಗಳ ಶಾಲೆಗಳಲ್ಲಿ ಆಗಸ್ಟ್ 15ರ ಮೆರವಣಿಗೆ ನೆನೆಯದೆ ಮುಗಿಯುವುದು ಅಪರೂಪ. ಚರ್ಮದ ಪ್ಯಾಡು ನೆನೆದರೆ ಉಬ್ಬುತ್ತದೆ, ಒಣಗಿದರೆ ಗಡಸಾಗುತ್ತದೆ, ಅರೆ ಒಣಗಿದರೆ ರಂಧ್ರಕ್ಕೆ ಅಂಟಿಕೊಂಡು ಏಳುವುದಿಲ್ಲ. ನುಡಿಸಿದ ಮೇಲೆ ಹಗ್ಗ ಕಟ್ಟಿದ ಮೆತ್ತನೆಯ ಬಟ್ಟೆಯನ್ನು ಕೊಳವೆಯೊಳಗೆ ಎಳೆದು ತೇವ ತೆಗೆಯಬೇಕು; ಅಂಟುವ ಪ್ಯಾಡಿನ ಕೆಳಗೆ ತೆಳುವಾದ ಕಾಗದವಿಟ್ಟು ಮೆಲ್ಲಗೆ ಒತ್ತಿ ತೇವ ಹೀರಿಸಬೇಕು; ಒದ್ದೆ ವಾದ್ಯವನ್ನು ಕೂಡಲೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಾರದು. ಮಾವ ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಪೆಟ್ಟಿಗೆ ತೆರೆದಿಟ್ಟು ಗಾಳಿಯಾಡಿಸುತ್ತಾರೆ. "ನುಡಿಸದೆ ಇಟ್ಟ ವಾದ್ಯವೇ ಬೇಗ ಸಾಯುವುದು" ಎಂಬುದು ಅವರ ಅನುಭವ. ಬೇಸಗೆಯ ರಜೆಯಲ್ಲಿ ಎರಡು ತಿಂಗಳು ಶಾಲೆಯ ಕಪಾಟಿನಲ್ಲಿ ಬೀಗ ಹಾಕಿಟ್ಟ ವಾದ್ಯಗಳಿಗೂ ಈ ಮಾತು ಸಲ್ಲುತ್ತದೆ. ರಜೆಗೆ ಅವನ್ನು ಮಕ್ಕಳ ಮನೆಗೇ ಕಳುಹಿಸುವುದು ಮೇಲು.

ನಾಲ್ಕೋ, ಎರಡೋ?

ಈಗ ನಮ್ಮ ಶಾಲೆಯ ಪ್ರಶ್ನೆಗೆ ಬರೋಣ. ನಾಲ್ಕು ಬೇಕೆನ್ನುವವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ನಾಲ್ಕು ಮಕ್ಕಳಿಗೆ ಅವಕಾಶ, ಸಾಲಿನಲ್ಲಿ ನಾಲ್ಕು ಹೊಳೆಯುವ ವಾದ್ಯ, ಚಂದಾ ಕೊಟ್ಟವರಿಗೆ ಕಣ್ಣಿಗೆ ಕಾಣುವ ತೃಪ್ತಿ. ಎರಡನ್ನೇ ಕೊಂಡರೆ ಆಸೆಪಟ್ಟ ಇಬ್ಬರು ಮಕ್ಕಳಿಗೆ ಇಲ್ಲವೆನ್ನಬೇಕಾಗುತ್ತದೆ. ಅದು ಹಗುರವಾದ ಮಾತಲ್ಲ. ಆದರೂ ನಾನು ಎರಡರ ಪಕ್ಷದವನು. ಸೋರುವ ನಾಲ್ಕು ವಾದ್ಯಗಳು ನಾಲ್ಕು ಮಕ್ಕಳಿಗೆ ಅವಕಾಶ ಕೊಡುವುದಿಲ್ಲ. ತಮ್ಮಲ್ಲಿ ಶಕ್ತಿಯಿಲ್ಲವೆಂಬ ಸುಳ್ಳು ನಂಬಿಕೆಯನ್ನು ನಾಲ್ವರಿಗೂ ಕಲಿಸುತ್ತವೆ. ಎರಡು ಒಳ್ಳೆಯ ಆಲ್ಟೋಗಳನ್ನು ನಾಲ್ವರು ಸರದಿಯಲ್ಲಿ ಕಲಿಯಬಹುದು. ಪ್ರತಿಯೊಬ್ಬರಿಗೂ ಅವರವರದೇ ಮೌತ್‌ಪೀಸು, ರೀಡು ಇರಬೇಕು. ಆರೋಗ್ಯದ ದೃಷ್ಟಿಯಿಂದ ಇದನ್ನು ಬಿಡುವಂತಿಲ್ಲ. ಇದಕ್ಕೆ ತಗಲುವ ಖರ್ಚು ಇನ್ನೊಂದು ವಾದ್ಯದ ಖರ್ಚಿನ ಮುಂದೆ ಅಲ್ಪ. ಒಂದು ಮೆರವಣಿಗೆಯಲ್ಲಿ ಇಬ್ಬರು ಊದಿದರೆ ಉಳಿದಿಬ್ಬರು ತಾಳ, ಡೋಲು ಹಿಡಿಯಲಿ. ಮುಂದಿನ ಸಲ ಅದಲು ಬದಲಾಗಲಿ. ವಾದ್ಯಗಳು ಬಾಳಿದರೆ ಮೂರು ವರ್ಷದ ಮೇಲೆ ಬರುವ ಮಕ್ಕಳಿಗೂ ಅವು ದೊರೆಯುತ್ತವೆ. ಅವರೂ ನಮ್ಮ ಲೆಕ್ಕದಲ್ಲಿ ಇರಬೇಕಾದವರೇ.

ಚಂದಾ ಹಣದಲ್ಲಿ ಒಂದು ಪಾಲನ್ನು ವರ್ಷ ವರ್ಷದ ರಿಪೇರಿಗೆಂದು ತೆಗೆದಿಡಬೇಕೆಂದೂ ಬರೆದು ತಿಳಿಸಿದ್ದೇನೆ. ವಾದ್ಯ ಕೊಡಿಸಿದವರ ಹೆಸರನ್ನು ಗೋಡೆಯ ಮೇಲೆ ಬರೆಯುತ್ತಾರೆ. ಪ್ಯಾಡು ಹಾಕಿಸಿದವರ ಹೆಸರನ್ನು ಯಾರೂ ಬರೆಯುವುದಿಲ್ಲ. ಆದರೆ ಶಾಲೆಯ ಬ್ಯಾಂಡು ಉಳಿಯುವುದು ಈ ಎರಡನೆಯವರಿಂದ.

ಕುಣಿಯುವುದನ್ನು ಕಲಿಸುವುದು ಗುರುಗಳ ಕೆಲಸ, ಕಲಿಯುವುದು ಮಕ್ಕಳ ಕೆಲಸ. ನೆಲವನ್ನು ಸಮಮಾಡಿಕೊಡುವುದು ಹಣ ಹೊಂದಿಸುವ ಹಿರಿಯರ ಕೆಲಸ. ಅಷ್ಟನ್ನು ನಾವು ಸರಿಯಾಗಿ ಮಾಡಿದ ಮೇಲೆ ಗಾದೆಯನ್ನು ಬೇಕಾದರೆ ಹೇಳಿಕೊಳ್ಳೋಣ.